ಒಂದು ಕೋಟಿಯಲ್ಲಿ ಒಂದು ಚುಕ್ಕಿ!

ಊಹಿಸಿ ನೋಡೋಣ!

ರಾಣೆಬೆನ್ನೂರಿನಲ್ಲಿ ಗಣಪತಿ ಮೆರವಣಿಗೆ. ಗಾಡಿ ತುಂಬ ಬೇಸು, ಟಾಪು ಸ್ಪೀಕರು. ಸುತ್ತ ಕುಣಿಯುವ ಜನ. ಒಂದು ಜಾನಪದ ಹಾಡು ಮುಗಿದಿದೆ, ಒಂದು ಸಿನಿಮಾ ಹಾಡು ಶುರುವಾಗಿದೆ. ಆದರೆ ಯಾರ ಕಾಲೂ ನಿಂತಿಲ್ಲ! ಎತ್ತಿದ ಕೈ ಇಳಿದಿಲ್ಲ! ಹಾಡು ಬದಲಾದದ್ದು ಯಾವ ಗಳಿಗೆಯಲ್ಲಿ? ಕುಣಿಯುವವರನ್ನೇ ಕೇಳಿ. ಒಬ್ಬರಿಗೂ ಗೊತ್ತಿಲ್ಲ!

ಈಗ ಹೇಳಿ. ಆ ಗಳಿಗೆಯಲ್ಲಿ ಡಿಜೆ ಹುಡುಗ ಎಷ್ಟು ಗುಂಡಿ ಒತ್ತಿದ? ಇಪ್ಪತ್ತು? ಹತ್ತು? ಐದಾದರೂ?

ಒಂದು!

ಒಂದೇ ಒಂದು ಗುಂಡಿ. ಆಮೇಲೆ ದನಿ ಏರಿಳಿಸುವ ಒಂದು ಫೇಡರ್ ಮೇಲೆ ಹೋಯಿತು, ಇನ್ನೊಂದು ಕೆಳಗೆ ಬಂತು. ಮುಗಿಯಿತು!

ಹಾಗಾದರೆ ಉಳಿದ ಕೆಲಸ ಯಾರು ಮಾಡಿದರು? ಅವನೇ. ಆದರೆ ಅಲ್ಲಿ ಅಲ್ಲ, ಆಗ ಅಲ್ಲ! ಹಿಂದಿನ ರಾತ್ರಿ, ಮನೆಯಲ್ಲಿ, ಕಿವಿಗೆ ಹೆಡ್‌ಫೋನ್ ಹಾಕಿಕೊಂಡು, ಲ್ಯಾಪ್‌ಟಾಪಿನ ಮುಂದೆ ಕೂತು ಮಾಡಿಟ್ಟಿದ್ದ. ಹಾಡಿನ ಮೇಲೆ ಪುಟ್ಟ ಪುಟ್ಟ ಬಣ್ಣದ ಗುರುತು ಇಟ್ಟಿದ್ದ. ಅದರ ಹೆಸರು ಕ್ಯೂ ಪಾಯಿಂಟ್.

ನೀವು ಹಾವೇರಿಯ ಮದುವೆಯಲ್ಲಿ ಕುಣಿದಿರಬಹುದು. ಬ್ಯಾಡಗಿಯ ಓಣಿಯಲ್ಲಿ ಹುಟ್ಟುಹಬ್ಬದ ಡಿಜೆ ಕೇಳಿರಬಹುದು. ‘ರಾಣೆಬೆನ್ನೂರು ಕಾ ರಾಜಾ’ ಗಣಪತಿಯ ಮುಂದೆ ಗಂಟಲು ಹರಿಯುವಂತೆ ಜೈಕಾರ ಹಾಕಿರಬಹುದು. ಆದರೆ ಈ ಗುರುತನ್ನು ನೋಡಿರಲಿಕ್ಕಿಲ್ಲ. ಅದು ಕೇಳಿಸುವುದೇ ಇಲ್ಲವಲ್ಲ!

ಎಷ್ಟು ಸಣ್ಣದು ಅದು? ಮತ್ತೆ ಊಹಿಸಿ!

ನಾಲ್ಕು ನಿಮಿಷದ ಒಂದು ಹಾಡು ತೆಗೆದುಕೊಳ್ಳಿ. ಸಿಡಿ ಗುಣಮಟ್ಟದಲ್ಲಿ ಒಂದು ಸೆಕೆಂಡಿನ ಸದ್ದನ್ನು 44,100 ಚೂರುಗಳಾಗಿ ಬರೆದಿಟ್ಟಿರುತ್ತಾರೆ. ನಾಲ್ಕು ನಿಮಿಷ ಅಂದರೆ 240 ಸೆಕೆಂಡು. ಗುಣಿಸಿ! 1,05,84,000! ಒಂದು ಕೋಟಿ ಐದು ಲಕ್ಷ ಎಂಬತ್ತನಾಲ್ಕು ಸಾವಿರ ಚೂರು! ಅಷ್ಟರಲ್ಲಿ ‘ಇಗೋ, ಇಲ್ಲಿಂದ’ ಎಂದು ಬೆರಳಿಟ್ಟು ತೋರಿಸುವ ಒಂದೇ ಒಂದು ಚೂರು. ಅದೇ ಕ್ಯೂ ಪಾಯಿಂಟ್!

ಹಾಡನ್ನು ಅದು ಕತ್ತರಿಸುವುದಿಲ್ಲ. ಹಿಗ್ಗಿಸುವುದಿಲ್ಲ. ಮುಟ್ಟುವುದೇ ಇಲ್ಲ! ಬರೀ ಒಂದು ಸಂಖ್ಯೆ. ಪರದೆಯ ಮೇಲೆ ಕೆಂಪು, ಹಸಿರು, ನೀಲಿ ಕಾಣುತ್ತದೆ, ಅಷ್ಟೆ. ಥೇಟ್ ಬ್ಯಾಡಗಿ ಮೆಣಸಿನಕಾಯಿ! ಬಣ್ಣ ಕಣ್ಣು ಕುಕ್ಕುತ್ತದೆ, ಖಾರ ನಾಲಿಗೆಗೆ ಹತ್ತುವುದಿಲ್ಲ.

ಗುಂಡಿ ಒತ್ತಿದರೆ ಹಾಡು ಆ ಚೂರಿನಿಂದಲೇ ಏಳುತ್ತದೆ. ಒಂದು ಕೂದಲು ಮುಂದಿಲ್ಲ, ಒಂದು ಕೂದಲು ಹಿಂದಿಲ್ಲ!

ಇದನ್ನು ಕಂಡುಹಿಡಿದದ್ದು ಕಂಪ್ಯೂಟರ್ ಅಂದುಕೊಂಡಿರಾ? ತಪ್ಪು! ಕ್ರೇಯಾನ್! ಮಕ್ಕಳು ಚಿತ್ರಕ್ಕೆ ಬಣ್ಣ ತುಂಬುವ ಮೇಣದ ಕಡ್ಡಿ!

ನಡೆಯಿರಿ ನ್ಯೂಯಾರ್ಕಿಗೆ. ಬ್ರಾಂಕ್ಸ್ ಎಂಬ ಬಡವರ ಬಡಾವಣೆ. 1973ರ ಆಗಸ್ಟ್ 11. ಸೆಡ್ಜ್‌ವಿಕ್ ಅವೆನ್ಯೂ, ಮನೆ ನಂಬರ್ 1520. ತಂಗಿ ಇಟ್ಟುಕೊಂಡ ಪಾರ್ಟಿಗೆ ಅಣ್ಣ ಹಾಡು ಹಚ್ಚುತ್ತಾನೆ. ಜಮೈಕಾದಿಂದ ಬಂದ ಹುಡುಗ, ಹೆಸರು ಕ್ಲೈವ್ ಕ್ಯಾಂಬೆಲ್, ಜನ ಕರೆಯುವುದು ಡಿಜೆ ಕೂಲ್ ಹರ್ಕ್. ಅವನು ಒಂದು ವಿಚಿತ್ರ ಗಮನಿಸಿದ್ದ. ಹಾಡುಗಾರ ಸುಮ್ಮನಾಗಿ ಬರೀ ಡ್ರಮ್ಮು ಬಾರಿಸುವ ಕೆಲವೇ ಸೆಕೆಂಡು ಇರುತ್ತದಲ್ಲ, ಜನ ಹುಚ್ಚೆದ್ದು ಕುಣಿಯುವುದು ಅಲ್ಲೇ! ಹಾಗಾದರೆ ಅದನ್ನೇ ಉದ್ದ ಮಾಡಿದರೆ? ಒಂದೇ ಹಾಡಿನ ಎರಡು ರೆಕಾರ್ಡು ತಂದ. ಇದು ಮುಗಿಯುತ್ತಲೇ ಅದು, ಅದು ಮುಗಿಯುತ್ತಲೇ ಇದು!

ಭಲೇ ಉಪಾಯ! ಆದರೆ ಒಂದು ತೊಡಕು. ಮುಳ್ಳನ್ನು ಅವನು ಇಳಿಸುತ್ತಿದ್ದದ್ದು ಕಣ್ಣಳತೆಯಲ್ಲಿ. ತಾಳ ತಪ್ಪುತ್ತಿತ್ತು.

ಆಗ ಬಂದ ಇನ್ನೊಬ್ಬ. ಬಾರ್ಬಡೋಸ್‌ನಲ್ಲಿ 1958ರಲ್ಲಿ ಹುಟ್ಟಿದ ಜೋಸೆಫ್ ಸ್ಯಾಡ್ಲರ್. ವೃತ್ತಿ ಶಾಲೆಯಲ್ಲಿ ಎಲೆಕ್ಟ್ರಾನಿಕ್ಸ್ ಕಲಿಯುವ ಹುಡುಗ. ಕೈಗೆ ಸಿಕ್ಕ ರೇಡಿಯೊ ಬಿಚ್ಚಿ ನೋಡುವ ಚಟ. (ಇಂಥ ಒಬ್ಬ ನಿಮ್ಮ ಓಣಿಯಲ್ಲೂ ಇದ್ದಾನೆ, ಹೌದಲ್ಲ?) ಮುಂದೆ ಜಗತ್ತು ಅವನನ್ನು ಗ್ರ್ಯಾಂಡ್‌ಮಾಸ್ಟರ್ ಫ್ಲ್ಯಾಶ್ ಎಂದು ಕರೆಯಿತು.

ಅವನು ಮಾಡಿದ್ದೇನು ಗೊತ್ತೇ? ರೆಕಾರ್ಡಿನ ಮೇಲೆ ಕ್ರೇಯಾನಿನಿಂದ ಗೀಟು ಎಳೆದ! ಡ್ರಮ್ಮು ಶುರುವಾಗುವ ಜಾಗಕ್ಕೆ ಗುರುತು. ರೆಕಾರ್ಡು ಗಡಿಯಾರದ ಮುಳ್ಳಿನಂತೆ ಸುತ್ತುವಾಗ ಆ ಗೀಟು ಎಷ್ಟು ಸಲ ಬಂತು ಎಂದು ಎಣಿಸಿದ. ಅಷ್ಟೇ ಸುತ್ತು ಬೆರಳಿನಿಂದ ಹಿಂದಕ್ಕೆ ತಿರುಗಿಸಿದ. ನಿಮಿಷಕ್ಕೆ ಮೂವತ್ಮೂರು ಚಿಲ್ಲರೆ ಸುತ್ತು ತಿರುಗುವ ರೆಕಾರ್ಡಿನಲ್ಲಿ ಒಂದು ಸುತ್ತಿಗೆ 1.8 ಸೆಕೆಂಡು. ಲೆಕ್ಕ ಪಕ್ಕಾ! ರೆಕಾರ್ಡನ್ನು ಬೆರಳಿನಿಂದ ಮುಟ್ಟುವುದೇ ಮಹಾಪಾಪ ಎಂದು ಎಲ್ಲರೂ ನಂಬಿದ್ದ ಕಾಲ ಅದು. ಅವನು ಅಂಗೈಯನ್ನೇ ಇಟ್ಟ! ಮುಂದಿನ ಹಾಡನ್ನು ತಾನೊಬ್ಬನೇ ಮೊದಲು ಕೇಳಲು ಹೆಡ್‌ಫೋನಿಗೆ ಒಂದು ಸ್ವಿಚ್ಚನ್ನೂ ತಾನೇ ಬೆಸುಗೆ ಹಾಕಿ ಕೂಡಿಸಿಕೊಂಡ.

ಆ ಮೇಣದ ಗೀಟೇ ಇಂದು ರಾಣೆಬೆನ್ನೂರಿನ ಆ ಡಿಜೆ ಹುಡುಗನ ಲ್ಯಾಪ್‌ಟಾಪಿನಲ್ಲಿ ಕೆಂಪು ಬಾಣವಾಗಿ ಮಿನುಗುತ್ತಿದೆ! 2001ರಲ್ಲಿ ಬಂದ ಪಯೋನಿಯರ್ ಸಿಡಿಜೆ-1000 ಯಂತ್ರದಲ್ಲಿ ಇಂಥ ಗುರುತಿಗೆ ಮೂರು ಗುಂಡಿ ಇದ್ದವು. 2020ರ ಸಿಡಿಜೆ-3000ಕ್ಕೆ ಬಂದಾಗ ಎಂಟು!

ಎಂಟು! ಈ ಸಂಖ್ಯೆ ಎಲ್ಲೋ ಕೇಳಿದಂತಿದೆಯೇ?

ತಬಲಾ ಬಾರಿಸುವವರಿಗೆ ಥಟ್ಟನೆ ಹೊಳೆದಿರುತ್ತದೆ. ಕೆಹರವಾ ತಾಳಕ್ಕೆ ಎಂಟು ಮಾತ್ರೆ! ಇದು ಬರೀ ಕಾಕತಾಳೀಯ, ಒಪ್ಪಿದೆ. ಆದರೆ ಮುಂದಿನದು ಕಾಕತಾಳೀಯ ಅಲ್ಲ. ಗಮನವಿಟ್ಟು ಕೇಳಿ!

ಹಾವೇರಿ ಜಿಲ್ಲೆಯ ನೆಲ ಎಂಥದು? ಗಾಯಕಿ ಗಂಗೂಬಾಯಿಯವರ ಹೆಸರಿಗೆ ಅಂಟಿಕೊಂಡ ಹಾನಗಲ್ಲು ಇಲ್ಲಿಯದು. ಗದುಗಿನ ವೀರೇಶ್ವರ ಪುಣ್ಯಾಶ್ರಮ ಕಟ್ಟಿದ ಪಂಚಾಕ್ಷರ ಗವಾಯಿಗಳು ಹಾನಗಲ್ ತಾಲ್ಲೂಕಿನ ಕಾಡಶೆಟ್ಟಿಹಳ್ಳಿಯವರು. ಪುಟ್ಟರಾಜ ಗವಾಯಿಗಳು ಹುಟ್ಟಿದ್ದು ದೇವಗಿರಿಯಲ್ಲಿ, 1914ರಲ್ಲಿ. ಇಬ್ಬರಿಗೂ ಕಣ್ಣು ಕಾಣುತ್ತಿರಲಿಲ್ಲ. ಗೀಟು ನೋಡುವ ಮಾತೇ ಇಲ್ಲ! ಆದರೂ ತಾಳದ ಮೊದಲ ಪೆಟ್ಟು, ಅದೇ ‘ಸಮ’, ಎಲ್ಲಿ ಬೀಳುತ್ತದೆ ಎಂಬುದು ಅವರ ಮೈಯೊಳಗೇ ಇತ್ತು.

ಖಯಾಲ್ ಹಾಡುವವರು ಎಲ್ಲೆಲ್ಲೋ ಅಲೆದು, ಆಲಾಪ ಮಾಡಿ, ತಾನ್ ಹಾಡಿ, ಕೊನೆಗೆ ಹಾಡಿನ ಮೊದಲ ತುಣುಕಾದ ಮುಖಡಾ ಹಿಡಿದು ಸಮಕ್ಕೆ ಬಂದು ಇಳಿಯುತ್ತಾರಲ್ಲ? ಸಭೆ ‘ವಾಹ್’ ಎನ್ನುವುದು ಆಗಲೇ. ಈಗ ಅಸಲಿ ವಿಷಯ. ಮುಖಡಾ ಶುರುವಾಗುವುದು ಸಮದಲ್ಲಲ್ಲ! ಸಮಕ್ಕಿಂತ ಇಷ್ಟೇ ಮಾತ್ರೆ ಮೊದಲು ಎಂದು ಲೆಕ್ಕ ಇರುತ್ತದೆ. ಅಲ್ಲಿ ಹಿಡಿದರೆ ಮಾತ್ರ ಇಲ್ಲಿ ಇಳಿಯಬಹುದು.

ಡಿಜೆ ಮಾಡುವುದೂ ಅದನ್ನೇ! ಅಕ್ಷರಶಃ ಅದನ್ನೇ!

ಬನ್ನಿ, ಒಂದು ಲೆಕ್ಕ ಬಿಡಿಸಿ. ಪೆನ್ನು ಬೇಡ, ಬೆರಳು ಸಾಕು.

ಮೊದಲ ಹಾಡಿನಲ್ಲಿ ದನಿ ನಿಲ್ಲುವುದು ಸರಿಯಾಗಿ 3 ನಿಮಿಷ 20 ಸೆಕೆಂಡಿಗೆ. ಎರಡನೆಯ ಹಾಡಿನಲ್ಲಿ ದನಿ ಶುರುವಾಗುವ ಮೊದಲು 32 ಬೀಟಿನ ಬರೀ ವಾದ್ಯ. ಎರಡೂ ಹಾಡಿನ ವೇಗ ನಿಮಿಷಕ್ಕೆ 120 ಬೀಟು, ಅಂದರೆ ಬೀಟಿಗೆ ಅರ್ಧ ಸೆಕೆಂಡು. ಒಂದು ದನಿ ನಿಂತ ಕ್ಷಣವೇ ಇನ್ನೊಂದು ದನಿ ಏಳಬೇಕು. ನಡುವೆ ಖಾಲಿ ಇರಬಾರದು. ದನಿಯ ಮೇಲೆ ದನಿ ಬೀಳಲೂಬಾರದು. ಹಾಗಾದರೆ ಎರಡನೆಯ ಹಾಡನ್ನು ಯಾವಾಗ ಬಿಡಬೇಕು?

ಉತ್ತರ ಓದುವ ಮೊದಲು ಒಂದು ಕ್ಷಣ ನಿಲ್ಲಿ!

32 ಬೀಟು ಅಂದರೆ 16 ಸೆಕೆಂಡು. 3:20ರಲ್ಲಿ 16 ಕಳೆಯಿರಿ. 3:04! ಮೊದಲ ಹಾಡಿನ 3:04ಕ್ಕೆ ಒಂದು ಗುರುತು. ಎರಡನೆಯ ಹಾಡಿನ ಮೊಟ್ಟಮೊದಲ ಪೆಟ್ಟಿಗೆ ಇನ್ನೊಂದು ಗುರುತು. ಓಡುವ ಹಾಡು 3:04 ಮುಟ್ಟಿತೋ, ಗುಂಡಿ ಒತ್ತಿ. ಆಮೇಲೆ ಕೈಕಟ್ಟಿ ನಿಲ್ಲಿ! ಹದಿನಾರು ಸೆಕೆಂಡಿನ ನಂತರ ಒಂದು ಗಂಟಲು ಮುಚ್ಚುತ್ತದೆ, ಇನ್ನೊಂದು ತೆರೆಯುತ್ತದೆ. ಒಂದೇ ಕ್ಷಣದಲ್ಲಿ! ತಾನಾಗಿ!

ಹೊಸಬರು ಎಡವುವುದು ಎಲ್ಲಿ ಅಂದರೆ, ಹೊಸ ಹಾಡಿಗೆ ಗುರುತು ಇಡುತ್ತಾರೆ, ಹಳೆಯದಕ್ಕೆ ಇಡುವುದಿಲ್ಲ. ಎಲ್ಲಿ ಹತ್ತಬೇಕು ಗೊತ್ತು, ಎಲ್ಲಿ ಇಳಿಯಬೇಕು ಗೊತ್ತಿಲ್ಲ! ನನ್ನ ಮಟ್ಟಿಗೆ ಇಳಿಯುವ ಗುರುತೇ ದೊಡ್ಡದು. ಒಂದೇ ಗುರುತಿಗೆ ಸಮಯ ಇದ್ದರೆ ಅದನ್ನು ಇಡಿ.

ಬೇಸಿನ ಬಗ್ಗೆ ಒಂದೇ ಮಾತು. ಎರಡೂ ಹಾಡಿನ ಬೇಸು ಒಟ್ಟಿಗೆ ಹೊಡೆದರೆ ಗುಂಯ್ ಎನ್ನುವ ಗೊಂದಲ. ಆ 32 ಬೀಟಿನ ನಟ್ಟನಡುವೆ, ಹದಿನೇಳನೆಯ ಪೆಟ್ಟಿಗೆ, ಹಳೆಯದರ ಬೇಸು ಇಳಿಸಿ ಹೊಸದರ ಬೇಸು ಏರಿಸಿ. ಅದಕ್ಕೂ ಒಂದು ಗುರುತು ಇಟ್ಟರೆ ಎಣಿಸುವ ಕಷ್ಟವೂ ತಪ್ಪಿತು.

ಇನ್ನು ಆ ‘ಮೊದಲ ಪೆಟ್ಟು’ ಇದೆಯಲ್ಲ, ಅದನ್ನು ಹುಡುಕುವುದೇ ಒಂದು ಮಜಾ!

ಜಾನಪದ ಹಾಡಿನ ಡಿಜೆ ರೀಮಿಕ್ಸ್ ಇಳಿಸಿಕೊಳ್ಳಿ. ಶುರುವಿಗೆ ಏನಿರುತ್ತದೆ? ಮೊದಲು ಒಂದಿಷ್ಟು ನಿಶ್ಶಬ್ದ. ಆಮೇಲೆ ಸಿನಿಮಾ ಡೈಲಾಗು. ಆಮೇಲೆ ಒಂದು ಸೈರನ್ನು. ಆಮೇಲೆ? ರೀಮಿಕ್ಸ್ ಮಾಡಿದವನ ಹೆಸರು, ಊರು, ಗುಡುಗಿನಂಥ ದನಿಯಲ್ಲಿ! ನಿಮ್ಮ ಗಾಡಿ, ನಿಮ್ಮ ಜನರೇಟರು, ನಿಮ್ಮ ಬಾಡಿಗೆ. ಕೂಗುವುದು ಇನ್ನೊಂದೂರಿನ ಡಿಜೆಯ ಹೆಸರು! ಗೆಳೆಯರು ಬಿಡುತ್ತಾರೆಯೇ? ‘ಯಾರ್ದೋ ಹೆಸರು ಯಾಕ್ ಹೇಳಾಕತ್ತೀಯೋ ತಮ್ಮಾ!’ ಎಂದು ಕಾಲೆಳೆಯುತ್ತಾರೆ. ಕ್ಯೂ ಪಾಯಿಂಟನ್ನು ಆ ಕೂಗಿನ ಆಚೆ ಇಟ್ಟುಬಿಡಿ. ಡೈಲಾಗಿಲ್ಲ, ಸೈರನ್ನಿಲ್ಲ, ಹೆಸರಿಲ್ಲ. ಸೀದಾ ಪೆಟ್ಟು!

ಆದರೆ ಎಲ್ಲಿ? ಪರದೆಯ ಮೇಲಿನ ಅಲೆಯನ್ನು ದೊಡ್ಡದು ಮಾಡಿ. ಇನ್ನೂ ದೊಡ್ಡದು. ಇನ್ನೂ! ಗುಡ್ಡದ ಹಾಗೆ ಕಂಡದ್ದು ಈಗ ಗೋಡೆಯ ಹಾಗೆ ನೆಟ್ಟಗೆ ಎದ್ದು ನಿಲ್ಲುತ್ತದೆ. ಆ ಗೋಡೆಯ ಬುಡ. ಗುರುತು ಅಲ್ಲೇ! ಗೋಡೆಯ ನೆತ್ತಿಗೆ ಇಟ್ಟಿರೋ, ಗುಂಡಿ ಒತ್ತಿದಾಗ ‘ಟಿಕ್’ ಎಂದು ಒಡೆದ ಸದ್ದು ಬರಬಹುದು. ಬಹಳ ಮೊದಲೇ ಇಟ್ಟಿರೋ, ಪೆಟ್ಟು ತಡವಾಗಿ ಬೀಳುತ್ತದೆ. ‘ಧಂ’ ಆಗಬೇಕಾದದ್ದು ‘ಧಧಂ’ ಆಗುತ್ತದೆ.

ಸರಿಯಾಗಿ ಇಟ್ಟ ಗುರುತೂ ಜಾರುವುದುಂಟು! ಇಲ್ಲೇ ಒಂದು ಪತ್ತೇದಾರಿ ಕತೆ ಇದೆ!

ಒಂದು ಸಾಫ್ಟ್‌ವೇರಿನಲ್ಲಿ ನೂರಾರು ಹಾಡಿಗೆ ಗುರುತು ಇಟ್ಟಿದ್ದೀರಿ. ಎಲ್ಲ ಅಚ್ಚುಕಟ್ಟು. ಅವನ್ನು ಇನ್ನೊಂದು ಸಾಫ್ಟ್‌ವೇರಿಗೆ ಸಾಗಿಸುತ್ತೀರಿ. ತೆರೆದು ನೋಡಿದರೆ ಕೆಲವು ಹಾಡುಗಳಲ್ಲಿ ಎಲ್ಲ ಗುರುತೂ ಒಂದೇ ಸಮ ಸರಿದಿವೆ! ಎಲ್ಲವೂ ಒಂದೇ ಅಳತೆ! ಎಷ್ಟು? 26 ಮಿಲಿಸೆಕೆಂಡು! ಇಪ್ಪತ್ತೈದಲ್ಲ, ಮೂವತ್ತಲ್ಲ, ಇಪ್ಪತ್ತಾರು! ಯಾಕೆ?

ಎಂಪಿ3 ಹಾಡನ್ನು ಕಟ್ಟುಕಟ್ಟಾಗಿ ಮಡಚಿಟ್ಟಿರುತ್ತಾರೆ. ಒಂದು ಕಟ್ಟಿನಲ್ಲಿ 1,152 ಚೂರು. ಇದನ್ನು 44,100ರಿಂದ ಭಾಗಿಸಿ. 0.026 ಸೆಕೆಂಡು! ಸಿಕ್ಕಿತು ಕಳ್ಳ! ಕೆಲವು ಹಾಡುಗಳ ತಲೆಯಲ್ಲಿ ಸದ್ದಿಲ್ಲದ ಒಂದು ಮಾಹಿತಿ ಕಟ್ಟು ಇರುತ್ತದೆ. ಒಂದು ಸಾಫ್ಟ್‌ವೇರು ಅದನ್ನೂ ಎಣಿಸುತ್ತದೆ, ಇನ್ನೊಂದು ಬಿಟ್ಟು ಎಣಿಸುತ್ತದೆ. ಅದಕ್ಕೇ ಸರಿಯಾಗಿ ಒಂದು ಕಟ್ಟಿನಷ್ಟು ಜಾರಾಟ! ನೂರು ಹಾಡು ಸಾಗಿಸಿದ ಮೇಲೆ ಎಲ್ಲವನ್ನೂ ಒಮ್ಮೆ ಕಿವಿಗೊಟ್ಟು ನೋಡಿ. ಮೆರವಣಿಗೆಯಲ್ಲಿ ಅಲ್ಲ, ಮನೆಯಲ್ಲಿ.

ಮನೆಯಲ್ಲೇ ಯಾಕೆ? ಗಾಡಿಯ ಮೇಲೆ ಕೂತು ಕೇಳಿದರೆ ಆಗುವುದಿಲ್ಲವೇ?

ಆಗುವುದಿಲ್ಲ! ಕಾರಣ ಕೇಳಿದರೆ ಬೆಚ್ಚಿಬೀಳುತ್ತೀರಿ!

ಸದ್ದು ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. ಬಹಳ ವೇಗ ಅನ್ನಿಸುತ್ತದೆ, ಅಲ್ಲವೇ? ಆದರೆ ಡಿಜೆಗೆ ಅದು ಆಮೆ ನಡಿಗೆ! ಸ್ಪೀಕರಿನಿಂದ 34 ಮೀಟರ್ ದೂರ ನಿಲ್ಲಿ. ಪೆಟ್ಟು ನಿಮ್ಮನ್ನು ಮುಟ್ಟುವಾಗ ಸೆಕೆಂಡಿನ ಹತ್ತನೇ ಒಂದು ಭಾಗ ಕಳೆದುಹೋಗಿದೆ. ಈಗ ಇನ್ನೂ ಹಿಂದೆ ಸರಿಯಿರಿ. ಮೆರವಣಿಗೆಯ ಬಾಲಕ್ಕೆ ಬನ್ನಿ. 171 ಮೀಟರ್. ಗಾಡಿಯ ಮೇಲೆ ಬಿದ್ದ ಪೆಟ್ಟು ಇಲ್ಲಿಗೆ ಬರಲು ಎಷ್ಟು ಹೊತ್ತು?

ಅರ್ಧ ಸೆಕೆಂಡು!

120ರ ವೇಗದಲ್ಲಿ ಒಂದು ಬೀಟೂ ಅರ್ಧ ಸೆಕೆಂಡೇ! ಅಂದರೆ? ಗಾಡಿಯ ಮುಂದೆ ಕುಣಿಯುವವರು ಎರಡನೆಯ ಪೆಟ್ಟಿಗೆ ಕಾಲು ಹಾಕುವಾಗ ಬಾಲದಲ್ಲಿರುವವರು ಮೊದಲ ಪೆಟ್ಟಿಗೆ ಕಾಲು ಹಾಕುತ್ತಿದ್ದಾರೆ! ಮೇಲಿನಿಂದ ನೋಡಿದರೆ ಮುಂದಿನವರೂ ಬಾಲದವರೂ ಒಟ್ಟಿಗೇ ನೆಗೆಯುತ್ತಿರುವಂತೆ ಕಾಣುತ್ತದೆ. ನಿಜದಲ್ಲಿ ಬಾಲದವರು ಒಂದು ಬೀಟು ಹಳೆಯ ಹಾಡಿಗೆ ಕುಣಿಯುತ್ತಿದ್ದಾರೆ! ಮತ್ತೆ 85 ಮೀಟರಿನಲ್ಲಿ, ನಡುಮಧ್ಯದಲ್ಲಿ ನಿಂತವರು? ಮುಂದಿನವರು ಮೇಲಿದ್ದಾಗ ಅವರು ಕೆಳಗೆ, ಮುಂದಿನವರು ಕೆಳಗಿದ್ದಾಗ ಅವರು ಮೇಲೆ! ಮುಂದಿನ ಸಲ ಮಾಳಿಗೆ ಹತ್ತಿ ನೋಡಿ!

ಡಿಜೆಯ ಪಾಡು ಇನ್ನೂ ವಿಚಿತ್ರ. ಅವನು ಕೂರುವುದು ಸ್ಪೀಕರಿನ ಬೆನ್ನ ಹಿಂದೆ. ಸ್ಪೀಕರಿನ ಮುಖ ಜನರತ್ತ. ಅವನಿಗೆ ಕೇಳುವುದು ಎದುರಿನ ಗೋಡೆಗೆ ಬಡಿದು ವಾಪಸು ಬಂದ ಸದ್ದು, ಜನರೇಟರಿನ ಗುರ್‍, ಪಟಾಕಿ, ಜೈಕಾರ. ಎದುರಿನ ಕಟ್ಟಡ 17 ಮೀಟರ್ ದೂರ ಇದ್ದರೆ ಹೋಗಿ ಬರಲು ಆ ಸದ್ದಿಗೆ ಸೆಕೆಂಡಿನ ಹತ್ತನೇ ಒಂದು ಭಾಗ ಬೇಕು. 120ರ ವೇಗದಲ್ಲಿ ಬೀಟಿನ ಐದನೇ ಒಂದು ಭಾಗದಷ್ಟು ತಡ! ಅದನ್ನು ನಂಬಿ ಎರಡು ಹಾಡು ಕೂಡಿಸಿದರೆ ಕೆಟ್ಟಿತು ಕೆಲಸ.

ಅದಕ್ಕೇ ಗುರುತು! ಗದ್ದಲದಲ್ಲಿ ಕಿವಿ ಸುಳ್ಳು ಹೇಳುತ್ತದೆ. ರಾತ್ರಿ ಮನೆಯಲ್ಲಿ ಇಟ್ಟ ಚುಕ್ಕಿ ಸುಳ್ಳು ಹೇಳುವುದಿಲ್ಲ.

‘ಸಿಂಕ್ ಗುಂಡಿ ಇದೆಯಲ್ಲ, ಅದೇ ಎಲ್ಲ ಹೊಂದಿಸುತ್ತದಲ್ಲ’ ಎನ್ನುತ್ತೀರಾ? ಸರಿ. ಅದನ್ನು 1974ರ ‘ಎರಡು ಕನಸು’ ಚಿತ್ರದ ಒಂದು ಹಾಡಿಗೆ ಒತ್ತಿ ನೋಡಿ!

ಆ ಚಿತ್ರಕ್ಕೆ ಸಂಗೀತ ಕೊಟ್ಟ ರಾಜನ್–ನಾಗೇಂದ್ರರ ಕಾಲದ ಹಾಡುಗಳು ಹುಟ್ಟಿದ್ದು ಹತ್ತಾರು ವಾದ್ಯಗಾರರು ಒಟ್ಟಿಗೆ ಕೂತು ನುಡಿಸಿದಾಗ. ಮನುಷ್ಯರ ಕೈ! ಖುಷಿಯಾದಾಗ ಒಂದು ಗುಲಗಂಜಿಯಷ್ಟು ಓಡುತ್ತದೆ, ಭಾವ ತುಂಬಿದಾಗ ಒಂದಿಷ್ಟು ನಿಧಾನಿಸುತ್ತದೆ. ಹಾಡಿಗೆ ಜೀವ ಬಂದದ್ದೇ ಅದರಿಂದ. ಯಂತ್ರ ಕಂಗಾಲಾಗುವುದೂ ಅದರಿಂದಲೇ. ನಿಮಿಷಕ್ಕೆ 100 ಬೀಟಿನ ಹಾಡು 101ಕ್ಕೆ ಏರಿತು ಅಂದುಕೊಳ್ಳಿ. ಒಂದೇ ಒಂದು! 32 ಬೀಟು ಕಳೆಯುವಷ್ಟರಲ್ಲಿ ಎಷ್ಟು ವ್ಯತ್ಯಾಸ? 19.2 ಸೆಕೆಂಡಿಗೆ ಬರಬೇಕಾದದ್ದು 19.01ಕ್ಕೇ ಬಂದು ನಿಲ್ಲುತ್ತದೆ. ಹೆಚ್ಚುಕಡಿಮೆ ಮೂರನೇ ಒಂದು ಭಾಗದ ಬೀಟು ತಪ್ಪು! ಅಷ್ಟು ಸಾಕು, ಇಡೀ ಮದುವೆಮನೆ ನಿಮ್ಮತ್ತ ತಿರುಗಿ ನೋಡುತ್ತದೆ.

ಇಂಥ ಹಾಡಿಗೆ ಏನು ಮಾಡಬೇಕು? ಉದ್ದಕ್ಕೆ ಬೆರೆಸುವ ಹಟ ಬಿಡಿ. ಪಲ್ಲವಿ ಮತ್ತೆ ಬರುವ ಜಾಗದ ಸಮಕ್ಕೆ ಒಂದು ಗುರುತು. ಹಿಂದಿನ ಹಾಡು ಮುಗಿಯುವ ಪೆಟ್ಟಿಗೆ ಸೀದಾ ಅಲ್ಲಿಗೆ ಹಾರಿ. ಒಂದೇ ಏಟು! ಬೆರಕೆಯೇ ಇಲ್ಲದ ಮೇಲೆ ಜಾರುವುದೆಲ್ಲಿಂದ ಬಂತು?

ಇನ್ನೊಂದು ಗಂಟು ಇದೆ, ನನಗೆ ಬಹಳ ಇಷ್ಟವಾದದ್ದು. ಹೆಚ್ಚಿನ ಡಿಜೆ ಸಾಫ್ಟ್‌ವೇರುಗಳು ಹಾಡನ್ನು ನಾಲ್ಕು ನಾಲ್ಕಾಗಿ ಎಣಿಸುತ್ತವೆ. ನಮ್ಮ ದಾದ್ರಾ ತಾಳಕ್ಕೆ ಎಷ್ಟು ಮಾತ್ರೆ? ಆರು! ಪರದೆಯ ಮೇಲೆ ನಾಲ್ಕಕ್ಕೊಂದು ಗೆರೆ ಬೀಳುತ್ತಾ ಹೋಗುತ್ತದೆ. ಸಮ ಬರುವುದು ಆರಕ್ಕೊಮ್ಮೆ. ಗೆರೆ ಒಂದು ಕಡೆ, ಹಾಡು ಇನ್ನೊಂದು ಕಡೆ! ಎರಡೂ ಕೂಡುವುದು ಯಾವಾಗ? ಹನ್ನೆರಡಕ್ಕೊಮ್ಮೆ. ಆರರ ಹಾಡನ್ನು ಎಂಟರ ಹಾಡಿನ ಜೊತೆ ಓಡಿಸಿದರೆ? ಇಪ್ಪತ್ನಾಲ್ಕಕ್ಕೊಮ್ಮೆ! ಆ ಇಪ್ಪತ್ನಾಲ್ಕನೆಯದು ಮುಗಿದು ಬರುವ ಪೆಟ್ಟೇ ಬಾಗಿಲು. ಯಂತ್ರದ ಗೆರೆಗೆ ಅದು ಕಾಣುವುದಿಲ್ಲ. ಭಜನೆಯಲ್ಲಿ ತಾಳ ತಟ್ಟಿ ಬೆಳೆದ ಹುಡುಗನಿಗೆ ಕಾಣುತ್ತದೆ! ಅವನು ತನ್ನ ಕೈಯಾರೆ ಗುರುತು ಇಡುತ್ತಾನೆ, ಯಂತ್ರ ಬಾಯಿಮುಚ್ಚಿ ಅಲ್ಲಿಗೆ ಹೋಗುತ್ತದೆ.

ಹೋರಿ ಹಬ್ಬಕ್ಕೆ ಬನ್ನಿ ಈಗ! ದೀಪಾವಳಿ ಕಳೆದರೆ ಹಾವೇರಿ ಸೀಮೆಯಲ್ಲಿ ಇನ್ನೇನು ಮಾತು? ಕೊರಳಿಗೆ ಕೊಬ್ಬರಿ ಹಾರ, ಕೋಡಿಗೆ ಬಲೂನು, ಮೈಮೇಲೆ ಜೂಲ. ಹೋರಿಗೊಂದು ಹೆಸರು, ಹೆಸರಿಗೊಂದು ಅಭಿಮಾನಿ ಬಳಗ. ಹೆಸರುವಾಸಿ ಹೋರಿಗೆ ಡಿಜೆ ಹಾಡೂ ಉಂಟು! ಮೈಕಿನಲ್ಲಿ ಹೆಸರು ಕೂಗುತ್ತಾರೆ. ಹೋರಿ ಬಿಡುತ್ತಾರೆ. ಅಖಾಡ ದಾಟಲು ಅದಕ್ಕೆ ಎಷ್ಟು ಹೊತ್ತು ಬೇಕು? ಕೆಲವೇ ಸೆಕೆಂಡು! ಅಷ್ಟರೊಳಗೆ ಹಾಡಿನ ಜೋರು ಬರಬೇಕು. ಮುನ್ನುಡಿ ವಾದ್ಯ ಬಾರಿಸುತ್ತಾ ಕೂತರೆ ಹೋರಿ ದಾಟಿ ಹೋಗಿರುತ್ತದೆ, ಹಾಡು ಇನ್ನೂ ಹೊಸಿಲಲ್ಲಿರುತ್ತದೆ. ಹಾಡಿನೊಳಗೆ ಹೋರಿಯ ಹೆಸರು ಬರುವ ಜಾಗಕ್ಕೇ ಗುರುತು ಇಟ್ಟುಕೊಂಡವನಿಗೆ ಆ ಚಿಂತೆ ಇಲ್ಲ. ಒತ್ತು, ಧಂ! ಇಲ್ಲಿ ಎರಡು ಹಾಡು ಕೂಡಿಸುವ ಮಾತೇ ಇಲ್ಲ. ಒಂದು ಹಾಡಿಗೆ ಒಂದು ಪ್ರಾಣಿಯನ್ನು ಕೂಡಿಸುವುದು!

ಮೆರವಣಿಗೆಯಲ್ಲಿ ಇನ್ನೊಂದು ಆಪತ್ತು. ಗಾಡಿ ತಿರುವಿನಲ್ಲಿ ಸಿಕ್ಕಿಕೊಂಡಿತು. ಮೇಲೆ ಕರೆಂಟಿನ ತಂತಿ ಅಡ್ಡ ಬಂತು, ಒಬ್ಬ ಬಿದಿರಿನ ಗಳ ಹಿಡಿದು ಎತ್ತುತ್ತಿದ್ದಾನೆ. ಹಾಡು ಮುಗಿಯುತ್ತಾ ಬಂದಿದೆ, ಮುಂದಿನದು ತಯಾರಿಲ್ಲ. ಏನು ಗತಿ? ಚಿಂತಿಲ್ಲ! ಹಾಡಿನ ಕೊನೆಯ 16 ಬೀಟಿಗೆ ಮೊದಲೇ ಲೂಪ್ ಗುರುತು ಇಟ್ಟಿದ್ದರೆ ಅದು ಅಲ್ಲೇ ಸುತ್ತುತ್ತದೆ. ಸುತ್ತುತ್ತದೆ! ಸುತ್ತುತ್ತಲೇ ಇರುತ್ತದೆ! ತಂತಿ ದಾಟುವವರೆಗೂ. ಜನ ‘ಬೀಟ್ ಏನ್ ಐತಿಲೇ!’ ಎಂದು ಕುಣಿಯುತ್ತಾರೆ. ಡಿಜೆ ಬೆವರು ಒರೆಸಿಕೊಳ್ಳುತ್ತಾನೆ.

ಮತ್ತೆ ಹತ್ತು ಗಂಟೆ! ಇದನ್ನು ಬಿಟ್ಟರೆ ಲೇಖನ ಅರ್ಧ. 2000ದ ಶಬ್ದ ಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಹಾಕುವಂತಿಲ್ಲ. ಜನವಸತಿಯಲ್ಲಿ ಹಗಲಿನ ಮಿತಿ 55 ಡೆಸಿಬೆಲ್, ರಾತ್ರಿಯದು 45. ಡಿಜೆ ಗಾಡಿ ಆ ಮಿತಿಯನ್ನು ಎಲ್ಲಿ ಬಿಟ್ಟು ಬಂದಿದೆ ಎಂಬುದು ನಿಮಗೂ ಗೊತ್ತು, ನನಗೂ ಗೊತ್ತು. ತೊಟ್ಟಿಲ ಕೂಸು, ಹಾಸಿಗೆ ಹಿಡಿದ ಅಜ್ಜಿ ಇರುವ ಓಣಿಯಲ್ಲಿ ಎದೆ ನಡುಗುವ ಬೇಸಿಗೆ ನನ್ನ ಚಪ್ಪಾಳೆ ಇಲ್ಲ. ನನ್ನ ಬೆರಗೆಲ್ಲ ಜೋಡಣೆಯ ಮೇಲೆ, ಜೋರಿನ ಮೇಲಲ್ಲ. ಚೆನ್ನಾಗಿ ಕೂಡಿಸಿದ ಎರಡು ಹಾಡು ಸಣ್ಣ ದನಿಯಲ್ಲೂ ಕುಣಿಸುತ್ತವೆ!

ಆ ಹತ್ತು ಗಂಟೆಗೂ ಒಂದು ಗುರುತು ಬೇಕು ನೋಡಿ! ಪೊಲೀಸರು ಕೈ ಎತ್ತಿದರು. ಹೆಚ್ಚಿನವರು ಮಾಡುವುದೇನು? ದನಿಯನ್ನು ಸೊನ್ನೆಗೆ ಎಳೆಯುವುದು. ಹಾಡು ಕುತ್ತಿಗೆ ಹಿಸುಕಿದಂತೆ ನಿಲ್ಲುತ್ತದೆ, ಜನ ‘ಹೋ’ ಎಂದು ಗದ್ದಲ ಎಬ್ಬಿಸುತ್ತಾರೆ. ತಯಾರಾಗಿ ಬಂದವನು? ಹಾಡಿನ ಕೊನೆಯ ಎಂಟು ಬೀಟಿಗೆ ಇಟ್ಟ ಗುರುತಿಗೆ ಹಾರುತ್ತಾನೆ. ನಾಲ್ಕು ಸೆಕೆಂಡು. ಕೊನೆಯ ಪೆಟ್ಟು. ಮುಕ್ತಾಯ! ಜನರಿಗೆ ಹಾಡು ತಾನಾಗಿ ಮುಗಿಯಿತು ಅನ್ನಿಸುತ್ತದೆ. ಜಗಳವೇ ಇಲ್ಲ!

ದೊಡ್ಡ ಯಂತ್ರ ಬೇಕು, ಲಕ್ಷ ಲಕ್ಷ ಬೇಕು ಅಂದುಕೊಂಡಿದ್ದೀರಾ? ಕೊನೆಯ ಅಚ್ಚರಿ ಕೇಳಿ. ‘ಮಿಕ್ಸ್’ ಎಂಬ ಸಾಫ್ಟ್‌ವೇರ್ ಇದೆ, ಇಂಗ್ಲಿಷಿನಲ್ಲಿ ಬರೆಯುವಾಗ ಕೊನೆಗೆ ಮೂರು ಎಕ್ಸ್. ಬೆಲೆ ಎಷ್ಟು ಗೊತ್ತೇ? ಸೊನ್ನೆ! ವಿಂಡೋಸ್, ಮ್ಯಾಕ್, ಲಿನಕ್ಸ್, ಮೂರರಲ್ಲೂ ನಡೆಯುತ್ತದೆ. ಹಾಟ್ ಕ್ಯೂ (ಒತ್ತಿದೊಡನೆ ಹಾರುವ ಗುರುತು), ಲೂಪ್ ಎಲ್ಲವೂ ಒಳಗಿದೆ. ಹಳೆಯ ಲ್ಯಾಪ್‌ಟಾಪು, ಒಂದು ಹೆಡ್‌ಫೋನು ಸಾಕು.

ಇವತ್ತು ರಾತ್ರಿಯೇ ಕೂರಿ. ನಿಮಗೆ ಬಾಯಿಪಾಠ ಇರುವ ಹತ್ತು ಹಾಡು ಆರಿಸಿ. ಪ್ರತಿಯೊಂದಕ್ಕೂ ಮೊದಲ ಪೆಟ್ಟಿಗೆ ಒಂದು, ದನಿ ಏಳುವಲ್ಲಿ ಒಂದು, ದನಿ ನಿಲ್ಲುವುದಕ್ಕೆ 32 ಬೀಟು ಮೊದಲು ಒಂದು, ಕೊನೆಯ ಎಂಟು ಬೀಟಿಗೆ ಒಂದು ಗುರುತು ಇಡಿ. ಬಣ್ಣ ಎಲ್ಲ ಹಾಡಿಗೂ ಒಂದೇ ಕ್ರಮದಲ್ಲಿರಲಿ, ಗದ್ದಲದಲ್ಲಿ ಓದುವಷ್ಟು ಪುರುಸೊತ್ತು ಇರುವುದಿಲ್ಲ. ಆಮೇಲೆ ಪಕ್ಕದಲ್ಲಿ ಒಬ್ಬರನ್ನು ಕಣ್ಣುಮುಚ್ಚಿಸಿ ಕೂರಿಸಿ, ಎರಡು ಹಾಡು ಕೂಡಿಸಿ, ಹಾಡು ಬದಲಾದಾಗ ಕೈ ಎತ್ತಲು ಹೇಳಿ. ಅವರು ತಡವಾಗಿ ಕೈ ಎತ್ತಿದರೆ ನಿಮ್ಮ ಗುರುತು ಸರಿಯಾದ ಜಾಗದಲ್ಲಿದೆ!